ಪ್ಯಾಲಡಿನ್ ಸುಳ್ಳು ಹೇಳಬಹುದೇ? ಮೇಜಿನಾಟದ ಧರ್ಮಯೋಧ ಮತ್ತು ಅವನ ನೀತಿಸಂಹಿತೆ

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಗೇಮ್ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಮೇಲೆ, ಅದುವರೆಗೆ ಇಂಥ ಆಟಗಳ ಹತ್ತಿರ ಸುಳಿಯದವರ ಕಿವಿಗೂ ‘ಪ್ಯಾಲಡಿನ್’ ಎಂಬ ಪದ ಬೀಳತೊಡಗಿತು. ಆ ಗೇಮಿನಲ್ಲಿ ಪ್ಯಾಲಡಿನ್ ಪಾತ್ರವನ್ನು ಆರಿಸಿಕೊಂಡವರು ಒಂದು ಪ್ರಸಂಗವನ್ನು ಸುಲಭವಾಗಿ ಮರೆಯುವುದಿಲ್ಲ. ಗಂಟೆಗಟ್ಟಲೆ ಆಡಿ ಬೆಳೆಸಿದ ಯೋಧ ಯಾವುದೋ ಒಂದು ಗಳಿಗೆಯಲ್ಲಿ ತಾನು ಕೊಟ್ಟ ಮಾತಿಗೆ ವಿರುದ್ಧವಾದ ಕೆಲಸ ಮಾಡುತ್ತಾನೆ; ಪ್ರಮಾಣ ಮುರಿದಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ; ಕೈಯಲ್ಲಿದ್ದ ಕೆಲವು ಶಕ್ತಿಗಳು ಹೋಗುತ್ತವೆ; ಆಮೇಲೆ ಬಿಡಾರದಲ್ಲಿ ಕವಚ ತೊಟ್ಟ ಅಪರಿಚಿತನೊಬ್ಬ ಇವನಿಗಾಗಿಯೇ ಕಾದು ನಿಂತಿರುತ್ತಾನೆ. ಆಡುವವನಿಗೆ ಆಗ ಏಳುವ ಪ್ರಶ್ನೆ ಸರಳ: ನಾನು ಮಾಡಿದ್ದು ತಪ್ಪೆಂದು ತೀರ್ಮಾನಿಸಿದವರು ಯಾರು?

ಈ ಪ್ರಶ್ನೆ ಆ ಕಂಪ್ಯೂಟರ್ ಗೇಮಿಗಿಂತ ಹಳೆಯದು. ಆ ಗೇಮಿಗೆ ಆಧಾರವಾದ, ಕಾಗದ, ಪೆನ್ಸಿಲ್ ಮತ್ತು ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಅದು 1975ರಿಂದಲೂ ಚರ್ಚೆಯಾಗುತ್ತ ಬಂದಿದೆ. ನಿಯಮ ಪುಸ್ತಕಗಳು ಪ್ರತಿ ಆವೃತ್ತಿಯಲ್ಲೂ ಅದಕ್ಕೆ ಬೇರೆಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳು ಹೇಗೆ ಬದಲಾದವು, ಏಕೆ ಬದಲಾದವು ಎಂಬುದನ್ನು ಮೊದಲಿನಿಂದ ನೋಡೋಣ. (ನೀತಿಸಂಹಿತೆ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆ. ಅಲ್ಲಿಯೂ ಇಲ್ಲಿಯೂ ಉಲ್ಲಂಘನೆಗಿಂತ ಹೆಚ್ಚು ವಾಗ್ವಾದ ನಡೆಯುವುದು ಅದು ಉಲ್ಲಂಘನೆಯೇ ಅಲ್ಲವೇ ಎಂಬುದರ ಮೇಲೆ.)

ಕೂತಲ್ಲೇ ಆಡುವ ಆಟ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದರೆ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲೇ ಕಥೆ ಕಟ್ಟುವ ಆಟ. ತಾಳಮದ್ದಳೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿ ಆ ಹೊತ್ತಿಗೆ ಕರ್ಣನೋ ಕೃಷ್ಣನೋ ಆಗಿ, ಎದುರಿನವರ ಮಾತಿಗೆ ತಕ್ಕ ಮಾತನ್ನು ಅಲ್ಲಲ್ಲೇ ಹೊಸೆಯುತ್ತಾನೆ. ಆದರೆ ತಾಳಮದ್ದಳೆಯ ಪ್ರಸಂಗ ಎಲ್ಲಿ ಮುಗಿಯುತ್ತದೆಂದು ಕೂತವರಿಗೆಲ್ಲ ಗೊತ್ತಿರುತ್ತದೆ, ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೀಸಿದ ಕತ್ತಿ ತಗುಲಿತೇ, ಹಾರಿದ ಹಳ್ಳ ದಾಟಿತೇ ಎಂಬಂಥ ಅನಿಶ್ಚಿತ ಸಂಗತಿಗಳನ್ನು ಇಲ್ಲಿ ದಾಳ ತೀರ್ಮಾನಿಸುತ್ತದೆ.

ಮೇಜಿನ ಒಂದು ತುದಿಯಲ್ಲಿ ಕೂರುವವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಕಥೆಯ ಓಟವನ್ನು ಹಿಡಿದಿರುವುದರಿಂದ ಅವರು ಭಾಗವತರು. ನಿಯಮದ ಪ್ರಶ್ನೆ ಬಂದಾಗ ಅಂಪೈರು. ದಾರಿಯಲ್ಲಿ ಸಿಗುವ ಅಗಸ, ಅರಸ, ರಾಕ್ಷಸರ ಪಾತ್ರಗಳೆಲ್ಲ ಅವರ ಬಾಯಲ್ಲೇ. ಉಳಿದ ಆಟಗಾರರ ಮುಂದೆ ತಂತಮ್ಮ ಪಾತ್ರದ ಹಾಳೆ ಇರುತ್ತದೆ. ಬಲ, ಬುದ್ಧಿ, ವರ್ಚಸ್ಸು ಮುಂತಾದ ಗುಣಗಳಿಗೆ ಅಂಕಗಳು, ಯಾವ ಯಾವ ಶಕ್ತಿಗಳಿವೆ ಎಂಬ ಪಟ್ಟಿ, ಎಲ್ಲವನ್ನೂ ಅದರ ಮೇಲೆ ಸಾಮಾನ್ಯವಾಗಿ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಪೆನ್ಸಿಲ್ ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಪಾತ್ರಗಳಿಗೆ ವರ್ಗಗಳಿವೆ. ಫೈಟರ್ ಎಂದರೆ ಕಾದಾಡುವವನು, ಕ್ಲೆರಿಕ್ ಎಂದರೆ ದೇವರ ಶಕ್ತಿಯನ್ನು ಮಂತ್ರವಾಗಿ ಬಳಸುವ ಪುರೋಹಿತ, ರೋಗ್ ಎಂದರೆ ಬೀಗ ತೆಗೆಯುವ, ಜೇಬು ಕತ್ತರಿಸುವ ಚಾಲಾಕಿ. ಪ್ಯಾಲಡಿನ್ ಇವರಲ್ಲಿ ಮೊದಲ ಇಬ್ಬರ ನಡುವೆ ನಿಲ್ಲುತ್ತಾನೆ. ಕತ್ತಿ ಹಿಡಿದ ಯೋಧ, ಜೊತೆಗೆ ದೈವಿಕ ಶಕ್ತಿಯುಳ್ಳವನು. ಮುಟ್ಟಿದರೆ ಗಾಯ ಮಾಯುತ್ತದೆ, ರೋಗ ಅವನನ್ನು ತಟ್ಟುವುದಿಲ್ಲ, ಕೆಡುಕು ಹತ್ತಿರವಿದ್ದರೆ ಅವನಿಗೆ ತಿಳಿಯುತ್ತದೆ. ಉಳಿದ ಬಹುತೇಕ ವರ್ಗಗಳಿಗಿಲ್ಲದ ಒಂದು ಷರತ್ತು ಅವನಿಗಿದೆ: ಹೀಗೇ ಬದುಕಬೇಕು ಎಂಬ ಸಂಹಿತೆ.

ಹೆಸರು ಎಲ್ಲಿಂದ ಬಂತು

ರೋಮ್ ನಗರದ ಪ್ಯಾಲಟೈನ್ ಬೆಟ್ಟದ ಮೇಲೆ ಚಕ್ರವರ್ತಿಗಳ ಅರಮನೆಗಳಿದ್ದವು. ಆ ಬೆಟ್ಟದ ಹೆಸರಿನಿಂದ ಅರಮನೆಗೆ, ಅರಮನೆಯಿಂದ ಅರಮನೆಯ ಅಧಿಕಾರಿಗೆ ಲ್ಯಾಟಿನ್ ಪದಗಳು ಹುಟ್ಟಿ, ಕೊನೆಗೆ ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ‘ಪ್ಯಾಲಡಿನ್’ ಆಯಿತು. ಮಧ್ಯಯುಗದ ಫ್ರೆಂಚ್ ವೀರಗಾಥೆಗಳಲ್ಲಿ ಈ ಹೆಸರು ಷಾರ್ಲಮೇನ್ ಚಕ್ರವರ್ತಿಯ ಹನ್ನೆರಡು ಮಂದಿ ಆಪ್ತ ವೀರರಿಗೆ ಸಲ್ಲುತ್ತದೆ.

ಆಟಕ್ಕೆ ಅದು ನೇರವಾಗಿ ಆ ಗಾಥೆಗಳಿಂದ ಬಂದಂತೆ ತೋರುವುದಿಲ್ಲ. ಅಮೆರಿಕದ ಲೇಖಕ ಪೌಲ್ ಆ್ಯಂಡರ್ಸನ್ 1961ರಲ್ಲಿ ಪ್ರಕಟಿಸಿದ ‘ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್’ ಕಾದಂಬರಿಯಲ್ಲಿ ಇಪ್ಪತ್ತನೆಯ ಶತಮಾನದ ಡೆನ್ಮಾರ್ಕಿನ ಎಂಜಿನಿಯರ್ ಒಬ್ಬ ಷಾರ್ಲಮೇನ್ ಗಾಥೆಗಳ ಲೋಕಕ್ಕೆ ಹೋಗಿ ಬೀಳುತ್ತಾನೆ. ಆ ಲೋಕದಲ್ಲಿ ‘ಕ್ರಮ’ ಮತ್ತು ‘ಅವ್ಯವಸ್ಥೆ’ ಎಂಬ ಎರಡು ವಿಶ್ವಶಕ್ತಿಗಳು ಹೋರಾಡುತ್ತಿರುತ್ತವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸನ್ನು ಡೇವ್ ಆರ್ನೆಸನ್ ಜೊತೆ 1974ರಲ್ಲಿ ಹೊರತಂದ ಗ್ಯಾರಿ ಗೈಗ್ಯಾಕ್ಸ್, ತಮ್ಮ ಮೇಲೆ ಪ್ರಭಾವ ಬೀರಿದ ಕೃತಿಗಳ ಪಟ್ಟಿಯನ್ನು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಕೊಟ್ಟಾಗ ಇದನ್ನೂ ಅದರಲ್ಲಿ ಸೇರಿಸಿದರು.

ಸರತಿ ಸಾಲು ಮತ್ತು ಒಂಬತ್ತು ಸ್ವಭಾವಗಳು

ಸಂಹಿತೆ ಅರ್ಥವಾಗಬೇಕಾದರೆ ‘ಅಲೈನ್‌ಮೆಂಟ್’ ಎಂಬ ಪರಿಕಲ್ಪನೆ ಬೇಕು. ಪಾತ್ರದ ನೈತಿಕ ಒಲವು ಎಂದುಕೊಳ್ಳಿ. 1974ರಲ್ಲಿ ಇದ್ದದ್ದು ಮೂರೇ: ಕ್ರಮ, ತಟಸ್ಥ, ಅವ್ಯವಸ್ಥೆ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ವೇಳೆಗೆ ಇದಕ್ಕೆ ಒಳಿತು ಮತ್ತು ಕೆಡುಕಿನ ಇನ್ನೊಂದು ಗೆರೆ ಅಡ್ಡ ಬಂದು, ಮೂರು ಮೂರಲ ಒಂಬತ್ತು ಮನೆಗಳಾದವು.

ಎರಡು ಗೆರೆಗಳು ಬೇರೆಬೇರೆ ಎಂಬುದು ಮೊದಲ ಸಲಕ್ಕೆ ಹೊಳೆಯುವುದಿಲ್ಲ. ರೇಷನ್ ಅಂಗಡಿಯ ಮುಂದಿನ ಸಾಲನ್ನು ನೆನೆಸಿಕೊಳ್ಳಿ. ನಿಲ್ಲಲಾಗದ ಅಜ್ಜಿಯೊಬ್ಬಳು ಕೊನೆಯಲ್ಲಿದ್ದಾಳೆ. ತನ್ನ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟು, ತಾನು ಹೋಗಿ ಅವಳ ಜಾಗದಲ್ಲಿ ನಿಲ್ಲುವವನು ನಿಯಮವನ್ನೂ ಉಳಿಸಿದ, ಒಳ್ಳೆಯದನ್ನೂ ಮಾಡಿದ. ಆಟದ ಭಾಷೆಯಲ್ಲಿ ಅವನು ಲಾಫುಲ್ ಗುಡ್. ಯಾರನ್ನೂ ಕೇಳದೆ ಅಜ್ಜಿಯನ್ನು ಕೈಹಿಡಿದು ನೇರ ಮುಂದಕ್ಕೆ ಕರೆದೊಯ್ಯುವವನದೂ ಒಳ್ಳೆಯ ಮನಸ್ಸೇ, ಆದರೆ ಸಾಲು ಅವನಿಗೆ ಲೆಕ್ಕಕ್ಕಿಲ್ಲ. ಅವನು ಕೇಯಾಟಿಕ್ ಗುಡ್. ಅಜ್ಜಿಯ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದೆ ಎಂದು ನಿಯಮ ತೋರಿಸಿ ಅವಳ ಅಕ್ಕಿಯನ್ನು ತಾನು ಇಟ್ಟುಕೊಳ್ಳುವವನು ಲಾಫುಲ್ ಈವಿಲ್. ಚೀಲವನ್ನೇ ಕಿತ್ತುಕೊಂಡು ಓಡುವವನು ಯಾವ ಮನೆಯವನೆಂದು ಬೇರೆ ಹೇಳಬೇಕಾಗಿಲ್ಲ.

ಪ್ಯಾಲಡಿನ್ ಲಾಫುಲ್ ಗುಡ್ ಆಗಿರಲೇಬೇಕೆಂದು ಬಹುಕಾಲ ನಿಯಮವಿತ್ತು. ತೊಡಕು ಇಲ್ಲಿಯೇ ಇದೆ. ಅವನ ಕೈಯಲ್ಲಿ ಒಂದಲ್ಲ, ಎರಡು ಹಗ್ಗಗಳನ್ನು ಕೊಡಲಾಗಿದೆ. ಎರಡೂ ಒಂದೇ ಕಡೆಗೆ ಎಳೆಯುವವರೆಗೆ ಎಲ್ಲ ಸಲೀಸು.

1975: ಒಮ್ಮೆ ತಪ್ಪಿದರೆ ಮುಗಿಯಿತು

ಪ್ಯಾಲಡಿನ್ ಮೊದಲು ಕಾಣಿಸಿಕೊಂಡದ್ದು 1975ರ ಗ್ರೇಹಾಕ್ ಎಂಬ ಪುರವಣಿ ಪುಸ್ತಕದಲ್ಲಿ. ವರ್ಚಸ್ಸಿನ ಅಂಕ 17 ಅಥವಾ 18 ಇರುವ ಫೈಟರ್, ಮೊದಲಿನಿಂದಲೂ ಕ್ರಮದ ಪಕ್ಷದಲ್ಲಿದ್ದರೆ, ಪ್ಯಾಲಡಿನ್ ಆಗಬಹುದಿತ್ತು. ಆದರೆ ಅವ್ಯವಸ್ಥೆಯ ಕೃತ್ಯವೊಂದನ್ನು ಮಾಡಿದರೂ ಆ ಸ್ಥಾನ ಅಲ್ಲಿಗೇ ಹೋಗುತ್ತಿತ್ತು, ಮರಳಿ ಸಿಗುತ್ತಿರಲಿಲ್ಲ.

ಆಗ ಗುಣಗಳ ಅಂಕವನ್ನು ಮೂರು ದಾಳ ಉರುಳಿಸಿ ಕಂಡುಕೊಳ್ಳುತ್ತಿದ್ದರು. ಮೂರು ದಾಳಗಳು ಬೀಳಬಹುದಾದ 216 ಬಗೆಗಳಲ್ಲಿ ಮೊತ್ತ 17 ಅಥವಾ 18 ಆಗುವುದು ನಾಲ್ಕರಲ್ಲಿ ಮಾತ್ರ. ಅಂದರೆ 54ಕ್ಕೆ ಒಂದು ಸಲ. ಇಷ್ಟು ಅಪರೂಪಕ್ಕೆ ಒಲಿದ ಪಾತ್ರವನ್ನು ಒಂದು ದುಡುಕಿಗೆ ಕಳೆದುಕೊಳ್ಳುವುದೆಂದರೆ ಆಟಗಾರನಿಗೆ ನಿಜವಾದ ನಷ್ಟವೇ.

1978ರ ಪುಸ್ತಕ ಇದನ್ನು ವಿಸ್ತರಿಸಿತು. ತಿಳಿದೂ ತಿಳಿದೂ ಅವ್ಯವಸ್ಥೆಯ ಕೃತ್ಯ ಎಸಗಿದರೆ ಏಳನೆಯ ಅಥವಾ ಅದಕ್ಕಿಂತ ಮೇಲಿನ ಹಂತದ (ಆಟ ಮುಂದುವರಿದಂತೆ ಪಾತ್ರಗಳು ಒಂದೊಂದೇ ಹಂತ ಏರುತ್ತವೆ), ಲಾಫುಲ್ ಗುಡ್ ಒಲವಿನ ಕ್ಲೆರಿಕ್ ಮುಂದೆ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ತಿಳಿದೂ ಬೇಕೆಂದೇ ಕೆಡುಕಿನ ಕೃತ್ಯ ಮಾಡಿದರೆ ಪ್ರಾಯಶ್ಚಿತ್ತವೂ ಇಲ್ಲ. ಅಂದಿನಿಂದ ಅವನು ಬರೀ ಫೈಟರ್. ಮಾಯಾವಸ್ತುಗಳು ಹತ್ತಕ್ಕಿಂತ ಹೆಚ್ಚು ಇರಕೂಡದು: ಒಂದು ಕವಚ, ಒಂದು ಗುರಾಣಿ, ನಾಲ್ಕು ಆಯುಧ, ಇತರೆ ನಾಲ್ಕು. ಸರಳ ಜೀವನಕ್ಕೆ, ಆಳುಕಾಳುಗಳ ಸಂಬಳಕ್ಕೆ, ಒಂದು ಸಣ್ಣ ಕೋಟೆಗೆ ಬೇಕಾದಷ್ಟನ್ನು ಬಿಟ್ಟು ಸಂಪತ್ತು ಕೂಡಿಡಕೂಡದು. ಆದಾಯದ ಹತ್ತನೆಯ ಒಂದು ಪಾಲನ್ನು ಕೂಡಲೇ ಧಾರ್ಮಿಕ ಸಂಸ್ಥೆಗೆ ದಾನ ಕೊಡಬೇಕು. ಅದೂ ಇನ್ನೊಬ್ಬ ಆಟಗಾರ ಆಡುತ್ತಿರುವ ಕ್ಲೆರಿಕ್‌ಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ದಾನದ ಹಣ ಪಕ್ಕದ ಕುರ್ಚಿಗೆ ಹೋಗಿ ಸಂಜೆಯೊಳಗೆ ಮರಳಿ ಬರಬಹುದೆಂಬುದನ್ನು ಪುಸ್ತಕ ಮೊದಲೇ ಊಹಿಸಿತ್ತು.

ಇಷ್ಟೊಂದು ಬಿಗಿ ಏಕೆ? ಕಾರಣ ಧಾರ್ಮಿಕವಾದುದಲ್ಲ, ಲೆಕ್ಕಾಚಾರದ್ದು. ಪ್ಯಾಲಡಿನ್‌ಗೆ ಫೈಟರ್‌ನ ಎಲ್ಲ ಶಕ್ತಿಗಳೂ ಇದ್ದು, ಮೇಲೆ ಇನ್ನಷ್ಟು ಇದ್ದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಪ್ಯಾಲಡಿನ್ ಕಡೆಗೆ ಒಂದು ಹೊರೆ ಬೇಕು, ಮತ್ತು ಆ ಹೊರೆಯೇ ಸಂಹಿತೆ. ಬಾಡಿಗೆ ತಪ್ಪಿದರೆ ಮನೆ ಖಾಲಿ ಮಾಡಬೇಕಾದಂತೆ, ನಡತೆ ತಪ್ಪಿದರೆ ಶಕ್ತಿಗಳನ್ನು ಬಿಟ್ಟುಕೊಡಬೇಕು. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದ ಶಕ್ತಿಗಳನ್ನು ಆಟಗಾರ ತನ್ನ ಕೈಯಾರೆ ರಬ್ಬರಿನಿಂದ ಅಳಿಸಬೇಕಾಗುತ್ತಿತ್ತು. ಆಟದವರು ಇದನ್ನು ಪ್ಯಾಲಡಿನ್‌ನ ಪತನ ಎನ್ನುತ್ತಾರೆ.

ಗಿರಣಿಯ ಬಾಗಿಲು

ಸಂಹಿತೆ ಮೇಜಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಹೊಳೆದಂಡೆಯ ಗಿರಣಿ. ನೆಲಹಲಗೆಯ ಕೆಳಗೆ ಊರು ಬಿಟ್ಟು ಓಡಿಬಂದ ಮೂರು ಸಂಸಾರಗಳು ಅಡಗಿವೆ, ಒಂದು ಎಳೆ ಮಗುವೂ ಇದೆ. ಬಾಗಿಲು ತಟ್ಟುವ ಸದ್ದಿಗೆ ಡಂಜನ್ ಮಾಸ್ಟರ್ ಮೇಜನ್ನು ಮೂರು ಸಲ ಕುಟ್ಟುತ್ತಾರೆ. ಹೊರಗೆ ಆ ಸೀಮೆಯ ದೊರೆಯ ಅಧಿಕಾರಿ. ಕೈಯಲ್ಲಿ ಮುದ್ರೆಯೊತ್ತಿದ ಆಜ್ಞೆ.

“ಒಳಗೆ ಯಾರನ್ನಾದರೂ ಅಡಗಿಸಿದ್ದೀರಾ?”

ಎಲ್ಲರ ಕಣ್ಣು ಪ್ಯಾಲಡಿನ್ ಆಡುತ್ತಿರುವವನ ಮೇಲೆ. ಪಕ್ಕದಲ್ಲಿ ರೋಗ್ ಆಡುತ್ತಿರುವವಳು ಪಿಸುಗುಡುತ್ತಾಳೆ: “ನೀನು ಸುಮ್ಮನಿರು ಮಾರಾಯಾ, ನಾನು ಮಾತಾಡ್ತೀನಿ.”

ಈಗ 2003ರ ಮೂರೂವರೆಯನೆಯ ಆವೃತ್ತಿಯನ್ನು ತೆರೆಯೋಣ. ಸಂಹಿತೆಯ ಅತ್ಯಂತ ಸ್ಪಷ್ಟವಾದ, ಹಾಗಾಗಿಯೇ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ಪಠ್ಯ ಅದರಲ್ಲಿದೆ. ಪ್ಯಾಲಡಿನ್ ನ್ಯಾಯಸಮ್ಮತ ಅಧಿಕಾರವನ್ನು ಗೌರವಿಸಬೇಕು; ಗೌರವದಿಂದ ನಡೆದುಕೊಳ್ಳಬೇಕು, ಎಂದರೆ ಸುಳ್ಳಾಡಬಾರದು, ಮೋಸ ಮಾಡಬಾರದು, ವಿಷ ಬಳಸಬಾರದು; ಕಷ್ಟದಲ್ಲಿರುವವರಿಗೆ ನೆರವಾಗಬೇಕು; ಮುಗ್ಧರಿಗೆ ಕೇಡು ಬಗೆಯುವವರನ್ನು ಶಿಕ್ಷಿಸಬೇಕು. ಬೇಕೆಂದೇ ಒಂದು ಕೆಡುಕಿನ ಕೃತ್ಯ ಮಾಡಿದರೂ, ಅಥವಾ ಸಂಹಿತೆಯನ್ನು ಘೋರವಾಗಿ ಮುರಿದರೂ, ಶಕ್ತಿಗಳೆಲ್ಲ ಹೋಗುತ್ತವೆ. ಕ್ಲೆರಿಕ್‌ನ ಪ್ರಾಯಶ್ಚಿತ್ತದ ಮಂತ್ರದಿಂದ ಮರಳಿ ಪಡೆಯಬಹುದು.

ಗಿರಣಿಯ ಬಾಗಿಲಲ್ಲಿ ಈ ನಾಲ್ಕೂ ನಿಯಮಗಳು ಒಮ್ಮೆಗೇ ಎದ್ದು ನಿಲ್ಲುತ್ತವೆ. ನಿಜ ಹೇಳಿದರೆ ಕಷ್ಟದಲ್ಲಿರುವವರನ್ನು ಕೈಬಿಟ್ಟಂತೆ. ಸುಳ್ಳು ಹೇಳಿದರೆ ಗೌರವ ತಪ್ಪಿದಂತೆ. ಅಧಿಕಾರಿಯ ಮೇಲೆ ಕತ್ತಿ ಎತ್ತಿದರೆ ಅಧಿಕಾರವನ್ನು ಧಿಕ್ಕರಿಸಿದಂತೆ. ಹಾಗಾದರೆ ದೊರೆಯ ಅಧಿಕಾರ ನ್ಯಾಯಸಮ್ಮತವೇ? ಮುದ್ರೆಯಿದ್ದರೆ ಸಾಕೇ? ರೋಗ್ ಸುಳ್ಳು ಹೇಳುವಾಗ ಬಾಯಿ ಮುಚ್ಚಿ ನಿಲ್ಲುವುದು ಮೋಸದಲ್ಲಿ ಪಾಲುಗೊಂಡಂತೆಯೇ? ಪುಸ್ತಕ ಹೇಳುವುದಿಲ್ಲ. ತೀರ್ಪು ಡಂಜನ್ ಮಾಸ್ಟರರದು, ಮತ್ತು ಬಾಗಿಲು ತಟ್ಟಿದವರೂ ಅವರೇ. ಬೌಲಿಂಗ್ ಮಾಡಿದವರೇ ಎಲ್‌ಬಿಡಬ್ಲ್ಯೂ ತೀರ್ಪನ್ನೂ ಕೊಟ್ಟರೆ ಬ್ಯಾಟ್ಸ್‌ಮನ್‌ಗೆ ಏನನಿಸೀತೋ ಅದೇ ಇಲ್ಲಿ ಪ್ಯಾಲಡಿನ್ ಆಡುವವನಿಗೆ ಅನಿಸುತ್ತದೆ. ಯಾವ ದಾರಿ ಹಿಡಿದರೂ ಬೀಳುವಂಥ ಬಲೆಯನ್ನು ಬೇಕೆಂದೇ ಹೆಣೆಯುವ ಡಂಜನ್ ಮಾಸ್ಟರ್‌ಗಳ ಕುರಿತ ದೂರು ಈ ಆಟದಷ್ಟೇ ಹಳೆಯದಿರಬೇಕು.

ನಮಗೆ ಈ ಬಲೆ ಹೊಸದಲ್ಲ. ನೆಲದಿಂದ ನಾಲ್ಕು ಅಂಗುಲ ಮೇಲೆ ತೇಲುತ್ತಿದ್ದ ಧರ್ಮರಾಯನ ರಥ, ಅಶ್ವತ್ಥಾಮ ಸತ್ತನೆಂದು ಹೇಳಿ ‘ಆನೆ’ ಎಂಬ ಮಾತನ್ನು ದನಿ ತಗ್ಗಿಸಿ ನುಡಿದ ಗಳಿಗೆಯಲ್ಲಿ ನೆಲಕ್ಕೆ ತಾಗಿತು. ಶಕ್ತಿ ನಡತೆಗೆ ಅಂಟಿಕೊಂಡಿರುವುದು, ಒಂದು ಮಾತಿಗೆ ಅದು ಹೋಗುವುದು, ಮಾತು ಅಕ್ಷರಶಃ ಸುಳ್ಳಲ್ಲದಿದ್ದರೂ ಹೋಗುವುದು: ಪ್ಯಾಲಡಿನ್‌ನ ಪತನ ಎಂದರೆ ಏನೆಂದು ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಒಂದು ವ್ಯತ್ಯಾಸವುಂಟು. ಧರ್ಮರಾಯನ ರಥ ನೆಲ ಮುಟ್ಟಿದ ಮೇಲೂ ಕಥೆ ಅವನನ್ನು ಯುದ್ಧದಿಂದ ಹೊರಗಿಡಲಿಲ್ಲ. ಮೂರೂವರೆಯನೆಯ ಆವೃತ್ತಿಯಲ್ಲಿ ಬಿದ್ದ ಪ್ಯಾಲಡಿನ್ ಮಾತ್ರ ಪ್ರಾಯಶ್ಚಿತ್ತವಾಗುವವರೆಗೆ ಜೊತೆಗಾರರಿಗಿಂತ ಬಹಳ ದುರ್ಬಲನಾಗಿ ಉಳಿಯುತ್ತಾನೆ, ಆ ದೌರ್ಬಲ್ಯವನ್ನು ಆಟಗಾರ ವಾರಗಟ್ಟಲೆ ಆಡಿ ಅನುಭವಿಸಬೇಕಾಗುತ್ತದೆ.

ಒಬ್ಬನ ವ್ರತ, ಐವರ ಉಪವಾಸ

ಸಂಹಿತೆಯ ಇನ್ನೊಂದು ಕಲಮು ಪ್ಯಾಲಡಿನ್‌ನನ್ನಲ್ಲ, ಅವನ ಜೊತೆಗಾರರನ್ನು ಕಟ್ಟಿಹಾಕುತ್ತಿತ್ತು. 1978ರ ಪುಸ್ತಕದ ಪ್ರಕಾರ ಅವನು ಒಳಿತಿನ ಒಲವುಳ್ಳವರ ಜೊತೆಗೆ ಮಾತ್ರ ಸೇರಬೇಕು. ತಟಸ್ಥರ ಜೊತೆ ಒಂದು ದಂಡಯಾತ್ರೆಯ ಮಟ್ಟಿಗೆ ಹೋಗಬಹುದು, ಅದೂ ಅದರಿಂದ ಧರ್ಮಕಾರ್ಯ ಸಾಗುವುದಿದ್ದರೆ. 2003ರ ಪುಸ್ತಕದಲ್ಲಿಯೂ ಕೆಡುಕಿನವರೊಡನೆ ತಿಳಿದೂ ತಿಳಿದೂ ಕೂಡಿರಕೂಡದೆಂಬ ನಿಯಮ ಉಳಿಯಿತು.

ನಿತ್ಯದ ಆಟದಲ್ಲಿ ಇದರ ಪರಿಣಾಮ ಏನು? ಒಬ್ಬ ಪ್ಯಾಲಡಿನ್ ಆರಿಸಿಕೊಂಡರೆ ಉಳಿದ ನಾಲ್ವರು ಯಾವ ಪಾತ್ರ ಆಡಬಾರದೆಂಬುದು ತಾನಾಗಿಯೇ ನಿರ್ಧಾರವಾಗುತ್ತದೆ. ಮನೆಯಲ್ಲಿ ಒಬ್ಬರು ವ್ರತ ಹಿಡಿದರೆ ಅಡುಗೆಮನೆಯಲ್ಲಿ ಎಲ್ಲರಿಗೂ ಈರುಳ್ಳಿ ಬೆಳ್ಳುಳ್ಳಿ ನಿಲ್ಲುವ ಹಾಗೆ. ಸೆರೆಸಿಕ್ಕವನನ್ನು ಹೆದರಿಸಿ ಬಾಯಿಬಿಡಿಸಬೇಕಾದಾಗ, ಪ್ಯಾಲಡಿನ್‌ನನ್ನು ಕುದುರೆಗೆ ನೀರು ಕುಡಿಸಿಕೊಂಡು ಬಾ ಎಂದು ಹೊರಗೆ ಕಳುಹಿಸುವ ಉಪಾಯ ಮೇಜುಗಳಲ್ಲಿ ಹುಟ್ಟಿಕೊಂಡದ್ದು ಹೀಗೆ. ಅವನು ನೋಡಲಿಲ್ಲ, ಆದ್ದರಿಂದ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದ ‘ತಿಳಿದೂ ತಿಳಿದೂ’ ಎಂಬ ಕಲಮು ತಗುಲುವುದಿಲ್ಲ. ಕುದುರೆಗೆ ಎಷ್ಟು ಸಲ ನೀರು ಕುಡಿಸಬಹುದು ಎಂಬುದು ಬೇರೆ ಮಾತು.

2008: ತೀರ್ಪುಗಾರರನ್ನೇ ಕೈಬಿಟ್ಟ ಆವೃತ್ತಿ

ನಾಲ್ಕನೆಯ ಆವೃತ್ತಿ ಈ ಜಗಳದ ಬೇರನ್ನೇ ಕೀಳಲು ನೋಡಿತು. ಪ್ಯಾಲಡಿನ್ ತನ್ನ ದೇವರ ಒಲವನ್ನು ಹೊಂದಿದ್ದರೆ ಸಾಕು, ಲಾಫುಲ್ ಗುಡ್ ಆಗಬೇಕೆಂದಿಲ್ಲ. ದೀಕ್ಷೆಯಲ್ಲಿ ಒಮ್ಮೆ ಪಡೆದ ಶಕ್ತಿ ಹೋಗುವುದಿಲ್ಲ. ದಾರಿ ತಪ್ಪಿದವನನ್ನು ಶಿಕ್ಷಿಸುವುದು ಅದೇ ಮತದ ಉಳಿದ ಅನುಯಾಯಿಗಳ ಕೆಲಸ. ಪದವಿ ಪಡೆದವನು ಆಮೇಲೆ ಓದಿದ್ದನ್ನೆಲ್ಲ ಮರೆತರೂ ಪ್ರಮಾಣಪತ್ರ ಹೋಗುವುದಿಲ್ಲವಲ್ಲ, ಹಾಗೆ. ಜಗಳ ನಿಂತಿತು. ಜೊತೆಗೆ ಪ್ಯಾಲಡಿನ್ ಆಡುವುದರ ಬಿಸಿಯೂ ಸ್ವಲ್ಪ ಆರಿತೆಂದು ಹಳಬರು ಗೊಣಗಿದ್ದುಂಟು.

2014: ಸಂಹಿತೆಯ ಜಾಗದಲ್ಲಿ ಪ್ರಮಾಣ

ಐದನೆಯ ಆವೃತ್ತಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿತು. ಎಲ್ಲ ಪ್ಯಾಲಡಿನ್‌ಗಳಿಗೂ ಹೊರಗಿನಿಂದ ಒಂದೇ ಸಂಹಿತೆಯನ್ನು ಹೇರುವ ಬದಲು, ಹಲವು ಪ್ರಮಾಣಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳಬೇಕು. ಶಬರಿಮಲೆಗೆ ಮಾಲೆ ಹಾಕುವುದನ್ನು ನೆನೆಯಿರಿ. ಯಾರೂ ಬಲವಂತ ಮಾಡುವುದಿಲ್ಲ. ಹಾಕಿಕೊಂಡ ದಿನದಿಂದ ನಲವತ್ತೊಂದು ದಿನ ಉಡುಗೆ, ಊಟ, ಮಾತು ಎಲ್ಲ ಬದಲಾಗುತ್ತವೆ. ಮನೆಯವರೂ ‘ಸ್ವಾಮಿ’ ಎಂದೇ ಕರೆಯುತ್ತಾರೆ. ಐದನೆಯ ಆವೃತ್ತಿಯ ಪ್ಯಾಲಡಿನ್ ಮೊದಲೆರಡು ಹಂತಗಳಲ್ಲಿ ಸಿದ್ಧತೆಯಲ್ಲಿರುತ್ತಾನೆ, ಮೂರನೆಯ ಹಂತಕ್ಕೇರಿದಾಗ ಪ್ರಮಾಣ ಸ್ವೀಕರಿಸುತ್ತಾನೆ. ಶಕ್ತಿಯ ಮೂಲ ದೇವರಷ್ಟೇ ಅಲ್ಲ, ನ್ಯಾಯಕ್ಕೆ ಅವನು ಒಪ್ಪಿಸಿಕೊಂಡ ನಿಷ್ಠೆಯೂ ಹೌದು ಎಂದು ಪುಸ್ತಕ ಹೇಳುತ್ತದೆ.

2014ರ ಪುಸ್ತಕದಲ್ಲಿ ಮೂರು ಪ್ರಮಾಣಗಳಿದ್ದವು. ಭಕ್ತಿಯ ಪ್ರಮಾಣ ಹಳೆಯ ಸಂಹಿತೆಗೆ ಹತ್ತಿರ: ಸತ್ಯ, ಧೈರ್ಯ, ಕರುಣೆ, ಗೌರವ, ಕರ್ತವ್ಯ. ಪುರಾತನರ ಪ್ರಮಾಣಕ್ಕೆ ಕಾನೂನಿನ ಹಂಗಿಲ್ಲ. ಲೋಕದಲ್ಲಿ ಬೆಳಕನ್ನು, ಎಂದರೆ ನಗು, ಚೆಲುವು, ಜೀವಂತಿಕೆಯನ್ನು ಹೊತ್ತಿಸುವುದು ಮತ್ತು ಕಾಯುವುದು ಅದರ ತಿರುಳು. ಸೇಡಿನ ಪ್ರಮಾಣ ಕೊಟ್ಟವನು ದೊಡ್ಡ ಕೆಡುಕನ್ನು ಬೆನ್ನಟ್ಟುತ್ತಾನೆ, ಅದಕ್ಕಾಗಿ ಯಾವ ಮಾರ್ಗವಾದರೂ ಸರಿ. ಶತ್ರುವಿನಿಂದ ಲೋಕಕ್ಕೆ ಆದ ಹಾನಿಗೆ ತಾನು ತಡೆಯದೆ ಹೋದದ್ದೇ ಕಾರಣವೆಂದು ಸಂತ್ರಸ್ತರಿಗೆ ನೆರವಾಗುವ ಹೊಣೆಯನ್ನೂ ಹೊರುತ್ತಾನೆ. 2017ರ ಪುಸ್ತಕವೊಂದು ಇದಕ್ಕೆ ವಿಮೋಚನೆಯ ಪ್ರಮಾಣವನ್ನೂ ವಿಜಯದ ಪ್ರಮಾಣವನ್ನೂ ಸೇರಿಸಿತು. ಮೊದಲನೆಯದು ಹಿಂಸೆಯನ್ನು ಕೊನೆಯ ದಾರಿಯೆಂದು ತಿಳಿಯುತ್ತದೆ. ಎರಡನೆಯದು ಸೋತವರ ಆಸೆಯನ್ನೇ ಹೊಸಕಿ ಕಬ್ಬಿಣದ ಹಿಡಿತದಲ್ಲಿ ಆಳು ಎನ್ನುತ್ತದೆ. ಕ್ರೂರಿಯೂ ತನ್ನ ಮಾತಿಗೆ ನಿಷ್ಠನಾಗಿದ್ದರೆ ಪ್ಯಾಲಡಿನ್ ಆಗಿ ಉಳಿಯಬಲ್ಲ. 1978ರ ಪುಸ್ತಕದವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಗಿರಣಿಯ ಬಾಗಿಲಿಗೆ ಮರಳೋಣ. ಸೇಡಿನ ಪ್ರಮಾಣದವನು ಸುಳ್ಳು ಹೇಳಲು ಅರೆಗಳಿಗೆ ಯೋಚಿಸಬೇಕಾಗಿಲ್ಲ. ಪುರಾತನರ ಪ್ರಮಾಣದವನಿಗೆ ಹಲಗೆಯ ಕೆಳಗಿನ ಮಗುವೇ ಕಾಯಬೇಕಾದ ಬೆಳಕು. ಇಕ್ಕಟ್ಟು ಉಳಿಯುವುದು ಭಕ್ತಿಯ ಪ್ರಮಾಣದವನಿಗೆ ಮಾತ್ರ: ಸುಳ್ಳಾಡಬೇಡ ಎಂಬ ಮಾತೂ ದುರ್ಬಲರನ್ನು ಕಾಪಾಡು ಎಂಬ ಮಾತೂ ಅವನ ಒಂದೇ ಪಟ್ಟಿಯಲ್ಲಿವೆ. ಆದರೆ ಈ ಇಕ್ಕಟ್ಟನ್ನು ಅವನೇ ಆರಿಸಿಕೊಂಡಿದ್ದಾನೆ. ತಪ್ಪಿದರೆ ರಾತ್ರಿಯಿಡೀ ಜಾಗರಣೆ, ಉಪವಾಸದಂಥ ಪ್ರಾಯಶ್ಚಿತ್ತದಿಂದ ಸರಿಪಡಿಸಿಕೊಳ್ಳಬಹುದು. ಬೇಕೆಂದೇ ತಪ್ಪಿ ಪಶ್ಚಾತ್ತಾಪವನ್ನೂ ಪಡದವನನ್ನು ಮಾತ್ರ ಡಂಜನ್ ಮಾಸ್ಟರ್ ಬೇರೆ ವರ್ಗಕ್ಕೆ ದಾಟಿಸಬಹುದು, ಇಲ್ಲವೇ ಪ್ರಮಾಣಭಂಗಿ ಎಂಬ ಬೇರೆಯೇ ಶಕ್ತಿಗಳ ಪಾತ್ರವಾಗಿಸಬಹುದು. ಕಂಪ್ಯೂಟರ್ ಗೇಮಿನಲ್ಲಿ ಬಿಡಾರಕ್ಕೆ ಬರುವ ಅಪರಿಚಿತ ನೀಡುವುದು ಇದೇ ದಾರಿಯನ್ನು. ಕಂಪ್ಯೂಟರಿನ ತೊಂದರೆಯೆಂದರೆ ಅದರ ಜೊತೆ ವಾದ ಮಾಡಲಾಗದು. ನನ್ನ ಉದ್ದೇಶ ಹಾಗಿರಲಿಲ್ಲ ಎಂದರೆ ಕೇಳಲು ಅಲ್ಲಿ ಯಾರೂ ಇಲ್ಲ.

ಈ ಸಡಿಲಿಕೆಗೂ ಲೆಕ್ಕಾಚಾರದ ಕಾರಣವಿದೆ. ಐದನೆಯ ಆವೃತ್ತಿಯಲ್ಲಿ ವರ್ಗಗಳ ಬಲವನ್ನು ಮೊದಲೇ ಸರಿದೂಗಿಸಲಾಗಿದೆ; ಪ್ಯಾಲಡಿನ್ ಫೈಟರ್‌ಗಿಂತ ಹೆಚ್ಚಿನವನಲ್ಲ, ಬೇರೆಯವನು. ಹೆಚ್ಚುವರಿ ಶಕ್ತಿಯೇ ಇಲ್ಲದ ಮೇಲೆ ಅದಕ್ಕೆ ಬಾಡಿಗೆ ವಸೂಲಿ ಮಾಡುವ ಪ್ರಮೇಯವಿಲ್ಲ. 2024ರ ಪರಿಷ್ಕೃತ ಪುಸ್ತಕವೂ ನಾಲ್ಕು ಪ್ರಮಾಣಗಳೊಂದಿಗೆ ಇದೇ ದಾರಿಯಲ್ಲಿದೆ.

ನಿಯಮಗಳಿಗೆ ಮೆಟ್ಟಿಲು ಕಟ್ಟಿದವರು

ಇನ್ನೊಂದು ಉತ್ತರ ಬಂದದ್ದು ಪೈಜೊ ಸಂಸ್ಥೆಯ ಪಾತ್‌ಫೈಂಡರ್ ಎಂಬ ಸೋದರ ಆಟದಿಂದ. ಅದರ 2019ರ ಎರಡನೆಯ ಆವೃತ್ತಿಯಲ್ಲಿ ವರ್ಗದ ಹೆಸರು ಚಾಂಪಿಯನ್. ಪ್ಯಾಲಡಿನ್ ಅದರ ಒಂದು ಕವಲು. ಅಲ್ಲಿ ಸಂಹಿತೆಯ ಕಲಮುಗಳನ್ನು ಮಹತ್ವದ ಕ್ರಮದಲ್ಲಿ ಬರೆಯಲಾಗಿದೆ. ಮೊದಲು, ದೇವರಿಗೆ ನಿಷಿದ್ಧವಾದುದನ್ನೂ ಕೆಡುಕನ್ನೂ ಮಾಡಬಾರದು. ಆಮೇಲೆ, ಮುಗ್ಧರಿಗೆ ತಿಳಿದೂ ಹಾನಿ ಮಾಡಬಾರದು, ಕಣ್ಣೆದುರಿನ ಹಾನಿಯನ್ನು ತಡೆಯಲು ಸಾಧ್ಯವಿದ್ದರೆ ತಡೆಯಬೇಕು. ಅದಕ್ಕೂ ಕೆಳಗೆ ಸುಳ್ಳಾಡಬಾರದೆಂಬ ಮಾತು, ಕೊನೆಗೆ ನ್ಯಾಯಸಮ್ಮತ ಅಧಿಕಾರಕ್ಕೆ ಗೌರವ. ಎರಡು ಕಲಮುಗಳು ಡಿಕ್ಕಿ ಹೊಡೆದರೆ ಮೇಲಿನದನ್ನು ಪಾಲಿಸಿದರೆ ಸಾಕು, ಪತನವಿಲ್ಲ. ಕೊಲ್ಲಲೆಂದೇ ಹುಡುಕಿ ಬಂದ ದುಷ್ಟ ಅರಸನಿಗೆ ನಿರಾಶ್ರಿತರ ಬಗ್ಗೆ ಸುಳ್ಳು ಹೇಳಬಹುದೆಂಬ ಉದಾಹರಣೆಯನ್ನೂ ಪುಸ್ತಕವೇ ಕೊಡುತ್ತದೆ. ಗಿರಣಿ ನನ್ನದು, ತರ್ಕ ಅಲ್ಲಿಯದು.

ಇದು ಆ್ಯಂಬುಲೆನ್ಸ್‌ಗೆ ಕೆಂಪು ದೀಪ ದಾಟಲು ಬಿಡುವಂಥ ಏರ್ಪಾಡು. ಕೆಂಪು ದೀಪದ ನಿಯಮ ರದ್ದಾಗಿಲ್ಲ, ಅದಕ್ಕಿಂತ ಮೇಲಿನದೊಂದು ಎದುರಾಗಿದೆ ಅಷ್ಟೇ. ಅದೇ ಪುಸ್ತಕ ಇನ್ನೊಂದು ಜಾಣತನವನ್ನೂ ತೋರಿಸಿದೆ: ಎಂದೋ ಮುಂದೆ ಆಗಬಹುದಾದ ಹಾನಿಗಾಗಿ ಈಗಲೇ ಹೋರಾಡಬೇಕೆಂದಾಗಲಿ, ಪ್ರಾಣವನ್ನೇ ಕೊಡಬೇಕೆಂದಾಗಲಿ ಕಡ್ಡಾಯವಿಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ನೋಡಿದ ಅನ್ಯಾಯಗಳಿಗೆಲ್ಲ ಕತ್ತಿ ಹಿರಿದು ನುಗ್ಗಿ ಜೊತೆಗಾರರನ್ನು ಆಪತ್ತಿಗೆ ದೂಡುವ ಪ್ಯಾಲಡಿನ್‌ನ ಕೈಯಿಂದ ಒಂದು ನೆಪ ಅಲ್ಲಿಗೆ ಹೋಯಿತು.

ಗುಣಕ್ಕೆ ಅಂಕ ಕೊಟ್ಟ ಆಟ

ತೀರ್ಪನ್ನು ಮನುಷ್ಯರ ಕೈಯಿಂದ ತೆಗೆದು ಅಂಕಗಳಿಗೆ ಒಪ್ಪಿಸಿದ ಆಟವೂ ಒಂದಿದೆ. ಗ್ರೆಗ್ ಸ್ಟಾಫರ್ಡ್ ರೂಪಿಸಿದ, 1985ರಲ್ಲಿ ಪ್ರಕಟವಾದ ಪೆಂಡ್ರಾಗನ್ ಆರ್ಥರ್ ಅರಸನ ಕಾಲದ ಯೋಧರ ಆಟ. ಅದರಲ್ಲಿ ಕ್ಷಮೆ ಮತ್ತು ಸೇಡು, ಔದಾರ್ಯ ಮತ್ತು ಸ್ವಾರ್ಥ, ಕರುಣೆ ಮತ್ತು ಕ್ರೌರ್ಯ ಹೀಗೆ ಹದಿಮೂರು ಜೋಡಿ ಗುಣಗಳಿವೆ. ಪ್ರತಿ ಜೋಡಿಯ ಮೊತ್ತ 20. ಕರುಣೆ 14 ಇದ್ದರೆ ಕ್ರೌರ್ಯ 6. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಚಟುವಟಿಕೆ, ಔದಾರ್ಯ, ನ್ಯಾಯ, ಕರುಣೆ, ವಿನಯ, ಶೌರ್ಯ ಈ ಆರರ ಮೊತ್ತ 80 ಮುಟ್ಟಿದರೆ ಅವನು ಆದರ್ಶ ವೀರ, ಅವನ ಮೈಗೆ ಕಾಣದ ಕವಚವೊಂದರ ರಕ್ಷಣೆ ಸಿಗುತ್ತದೆ. ಮೊತ್ತ ಇಳಿದರೆ ಕವಚ ಹೋಗುತ್ತದೆ. ಬೈಯಬೇಕಾದವರು ಯಾರೂ ಇಲ್ಲ. ಆದರೆ ಕರುಣೆ ತೋರಬೇಕೋ ಬೇಡವೋ ಎಂಬುದನ್ನೂ ಕೆಲವೊಮ್ಮೆ ದಾಳವೇ ನಿರ್ಧರಿಸುವುದರಿಂದ, ಪಾತ್ರ ಆಟಗಾರನ ಕೈಮೀರಿ ನಡೆಯುವುದುಂಟು. ಇದು ಕೆಲವರಿಗೆ ಬಲು ಇಷ್ಟ, ಕೆಲವರಿಗೆ ಸಹಿಸಲಾಗದು.

ಸುಳ್ಳೋ, ಮನವೊಲಿಕೆಯೋ

ಹೊಸದಾಗಿ ಆಡಲು ಕೂರುವವರು ಮೊದಲ ದಿನವೇ, ದಾಳ ಕೈಗೆತ್ತಿಕೊಳ್ಳುವ ಮುನ್ನ, ಡಂಜನ್ ಮಾಸ್ಟರ್ ಜೊತೆ ಮಾತಾಡಿಕೊಳ್ಳುವುದು ಈಗ ರೂಢಿಯಾಗಿದೆ. ನಿನ್ನ ಪ್ಯಾಲಡಿನ್ ಯಾವುದಕ್ಕೆ ಎಂದೂ ಒಪ್ಪುವುದಿಲ್ಲ, ಯಾವುದನ್ನು ಕಷ್ಟಪಟ್ಟಾದರೂ ಮಾಡಿಯಾನು, ತಪ್ಪುವ ಹಾದಿಯಲ್ಲಿದ್ದಾಗ ಮೊದಲೇ ಎಚ್ಚರಿಸಬೇಕೇ ಎಂಬುದನ್ನೆಲ್ಲ ಆಗಲೇ ಇತ್ಯರ್ಥ ಮಾಡಿಕೊಂಡರೆ ಮುಂದಿನ ಜಗಳಗಳು ಬಹುಪಾಲು ಹುಟ್ಟುವುದೇ ಇಲ್ಲ.

ಬಹುಪಾಲು, ಎಲ್ಲವೂ ಅಲ್ಲ. ಗಿರಣಿಯ ಬಾಗಿಲಲ್ಲಿ ಭಕ್ತಿಯ ಪ್ರಮಾಣದವನು ಕೊನೆಗೆ ಬಾಯಿ ತೆರೆಯುತ್ತಾನೆಂದುಕೊಳ್ಳಿ: “ನಿಮ್ಮ ದೊರೆಗೆ ಕೇಡು ಬಗೆದವರು ಯಾರೂ ಈ ಗಿರಣಿಯಲ್ಲಿಲ್ಲ.” ಅಕ್ಷರಶಃ ನಿಜ. ಅಧಿಕಾರಿ ನಂಬಿದನೇ ಎಂದು ತಿಳಿಯಲು ಈಗ ದಾಳ ಉರುಳಿಸಬೇಕು. 2014ರ ನಿಯಮದಲ್ಲಿ ಇದಕ್ಕೆ ಎರಡು ಕೌಶಲಗಳಿವೆ: ಪರ್ಸುವೇಶನ್ ಎಂದರೆ ಮನವೊಲಿಕೆ, ಡಿಸೆಪ್ಶನ್ ಎಂದರೆ ವಂಚನೆ. ಎರಡೂ ನಡೆಯುವುದು ವರ್ಚಸ್ಸಿನ ಬಲದ ಮೇಲೆ, ಮತ್ತು ವರ್ಚಸ್ಸು ಪ್ಯಾಲಡಿನ್‌ನ ಮುಖ್ಯ ಗುಣಗಳಲ್ಲೊಂದು. ಅಂದರೆ ಸುಳ್ಳು ಹೇಳಲು ನಿಂತರೆ ಅವನನ್ನು ಮೀರಿಸುವವರು ಕಡಿಮೆ. ಆದರೂ ಆ ವರ್ಗದವರು ಕಲಿಯಬಹುದಾದ ಕೌಶಲಗಳ ಪಟ್ಟಿಯಲ್ಲಿ ಮನವೊಲಿಕೆ ಇದೆ, ವಂಚನೆ ಇಲ್ಲ. ಮುಚ್ಚುಮರೆಯಿಲ್ಲದ ಸುಳ್ಳಿನಷ್ಟೇ ಇಬ್ಬಗೆಯ ಮಾತಿನಿಂದ ದಾರಿ ತಪ್ಪಿಸುವುದೂ ವಂಚನೆಯೇ ಎಂದು ಅದೇ ಪುಸ್ತಕ ಬರೆದಿದೆ. ಆಟಗಾರ ಇಪ್ಪತ್ತು ಮುಖದ ದಾಳವನ್ನು ಕೈಯಲ್ಲಿ ಹಿಡಿದು, ಯಾವುದಕ್ಕೆ ಉರುಳಿಸಲಿ ಎಂದು ಡಂಜನ್ ಮಾಸ್ಟರರ ಮುಖ ನೋಡುತ್ತಾನೆ.